ಹೊನಲಿನ ಮೇಲೆ ಸಂಜೆಗೆಂಪು

ಕಾವೇರಿ, ತುಂಗಭದ್ರೆಯರ ನೀರು ಮೂಡಣ ಕಡಲನ್ನು ಸೇರುತ್ತದೆ. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಯರು ಘಟ್ಟವನ್ನಿಳಿದು ಪಡುಗಡಲನ್ನು ಸೇರುತ್ತಾರೆ. ಆದುದರಿಂದ ಹೊನ್ನಾವರದ ಬಳಿ ಶರಾವತಿಯ ದಡದಲ್ಲಿ ಅಳಿವೆಯ ಕಡೆಗೆ ಮುಖಮಾಡಿ ನಿಂತವನಿಗೆ ಹರಿಯುವ ಹೊನಲೂ ಮುಳುಗುವ ಸೂರ್ಯನೂ ಒಟ್ಟಿಗೆ ಕಾಣುವ ಭಾಗ್ಯವುಂಟು. ಈ ನೋಟವನ್ನು ಛಾಯಾಚಿತ್ರದಲ್ಲಿ ಹಿಡಿಯಬೇಕೆಂದು ಆಸೆಪಡುವವರು ಬಹಳ. ಹಿಡಿದ ಚಿತ್ರವನ್ನು ಕಂಡು ‘ನಾನು ನೋಡಿದ್ದು ಇದಲ್ಲ’ ಎಂದು ನಿರಾಶರಾಗುವವರೂ ಅಷ್ಟೇ ಮಂದಿ. ಇದಕ್ಕೆ ಕಾರಣವನ್ನು ಕ್ಯಾಮರಾದಲ್ಲಿ ಹುಡುಕುವ ಮೊದಲು ನೀರಿನಲ್ಲಿ ಹುಡುಕಬೇಕು.

ನಿಶ್ಚಲವಾದ ಕೆರೆ ಕನ್ನಡಿಯಂತೆ. ಅದರಲ್ಲಿ ಒಬ್ಬನೇ ಸೂರ್ಯ ಕಾಣುತ್ತಾನೆ. ಗಾಳಿ ಬೀಸಿ ಅಲೆಯೆದ್ದಿತೆಂದರೆ ಆ ಕನ್ನಡಿ ಸಾವಿರ ಚೂರಾಗುತ್ತದೆ. ಒಂದೊಂದು ಚೂರೂ ಒಂದೊಂದು ಓರೆಯಲ್ಲಿರುತ್ತದೆ. ಕನ್ನಡಿಯು ಐದು ಅಂಶ ಓರೆಯಾದರೆ ಪ್ರತಿಫಲಿಸಿದ ಕಿರಣವು ಹತ್ತು ಅಂಶ ತಿರುಗುವುದೆಂಬ ನಿಯಮವನ್ನು ನೆನೆಯಿರಿ. ಯಾವ ಚೂರಿನ ಓರೆ ಸೂರ್ಯನಿಗೂ ನಮ್ಮ ಕಣ್ಣಿಗೂ ಹೊಂದುವುದೋ ಅದು ಕ್ಷಣಕಾಲ ಮಿಂಚಿ ಆರುತ್ತದೆ. ಹೀಗೆ ಮಿಂಚುವ ಚೂರುಗಳೆಲ್ಲ ಸೇರಿ ದಿಗಂತದಿಂದ ನಮ್ಮ ಕಾಲಬುಡದವರೆಗೆ ಹೊನ್ನಿನ ಹಾದಿಯೊಂದನ್ನು ಹಾಸುತ್ತವೆ. ನೀವು ಹತ್ತು ಹೆಜ್ಜೆ ಸರಿದರೆ ಹಾದಿಯೂ ಸರಿಯುತ್ತದೆ. ಪಕ್ಕದಲ್ಲಿ ನಿಂತ ಗೆಳೆಯನ ಹಾದಿ ಬೇರೆ, ನಿಮ್ಮದು ಬೇರೆ.

ಇನ್ನು ಬಣ್ಣದ ಮಾತು. ನೇರವಾಗಿ ಮೇಲಿನಿಂದ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲನ್ನಷ್ಟೇ ನೀರು ಹಿಂತಿರುಗಿಸುತ್ತದೆ. ಬೆಳಕು ಓರೆಯಾದಂತೆ ಈ ಪಾಲು ಹೆಚ್ಚುತ್ತದೆ. ಸೂರ್ಯನು ಹತ್ತು ಅಂಶ ಎತ್ತರದಲ್ಲಿರುವಾಗ ಸಮತಟ್ಟಾದ ನೀರು ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚನ್ನೇ ಮರಳಿಸುತ್ತದೆ. ದೂರದ ನೀರು ಕೆಂಡದಂತೆ ಉರಿಯುತ್ತಿದ್ದರೂ ಕಾಲಬಳಿಯ ನೀರು ತನ್ನ ಸ್ವಂತದ ಮಣ್ಣುಬಣ್ಣವನ್ನೇ ತೋರುವುದು ಇದರಿಂದಲೇ. ಕ್ಯಾಮರಾವನ್ನು ನೀರಿನ ಮಟ್ಟದ ಹತ್ತಿರಕ್ಕೆ ಇಳಿಸಿದರೆ ಕೆಂಪು ಹೆಚ್ಚು ತುಂಬಿಕೊಳ್ಳುವುದೂ ಇದರಿಂದಲೇ.

ನೀರಿನ ಪ್ರತಿಫಲನವನ್ನು ಅಳಿಸುವ ಧ್ರುವಕ ಸೋಸುಗಾಜೊಂದುಂಟು. 1921ರಲ್ಲಿ ಸಿ. ವಿ. ರಾಮನ್ನರು ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಇದೇ ಗುಣವುಳ್ಳ ನಿಕೋಲ್ ಪಟ್ಟಕದ ಮೂಲಕ ಮೆಡಿಟರೇನಿಯನ್ ಸಮುದ್ರವನ್ನು ನೋಡಿದರು. ಮೇಲ್ಮೈಯ ಹೊಳಪು ಅಳಿದ ಮೇಲೂ ಕಡಲಿನ ನೀಲಿ ಉಳಿಯಿತು; ಆ ನೀಲಿ ಬರಿಯ ಆಕಾಶದ ಪ್ರತಿಬಿಂಬವಲ್ಲವೆಂದು ಅವರು ಅರಿತರು. ರಾಮನ್ನರಿಗೆ ಹೊಳಪು ಬೇಡವಾಗಿತ್ತು. ನಮಗೆ ಬೇಕಾಗಿರುವುದೇ ಹೊಳಪು! ಆದುದರಿಂದ ಸಂಜೆ ಆ ಗಾಜನ್ನು ತೆಗೆದಿಡುವುದು ಲೇಸು.

ಮುಖ್ಯವಾದ ಪ್ರಶ್ನೆ ಕಾಲದ್ದು. ಸೆಕೆಂಡಿಗೆ ಒಂದು ಮೀಟರಿನಂತೆ ಹರಿಯುವ ನೀರು, ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಎರಡು ಮಿಲಿಮೀಟರು ಮಾತ್ರ ಸರಿಯುತ್ತದೆ. ಷಟರು ಅಷ್ಟು ಬೇಗ ಮುಚ್ಚಿದರೆ ಪ್ರತಿಯೊಂದು ಮಿಂಚೂ ಬಿಡಿಬಿಡಿಯಾಗಿ, ಕೆತ್ತಿದ ಹರಳಿನಂತೆ ನಿಲ್ಲುತ್ತದೆ. ಅರ್ಧ ಸೆಕೆಂಡು ತೆರೆದರೆ ಅದೇ ನೀರು ಐವತ್ತು ಸೆಂಟಿಮೀಟರು ಸರಿದು, ಮಿಂಚುಗಳೆಲ್ಲ ಎಳೆಎಳೆಯಾಗಿ ಹೆಣೆದುಕೊಳ್ಳುತ್ತವೆ. ಹಲವು ಸೆಕೆಂಡುಗಳಾದರೆ ಅಲೆಯೇ ಇಲ್ಲ. ರೇಷ್ಮೆ ಹಾಸಿದಂತಹ ಕೆಂಪು. ಇದಕ್ಕೆ ಮುಕ್ಕಾಲಿ ಪೀಠವೂ ಬೆಳಕನ್ನು ತಗ್ಗಿಸುವ ಬೂದುಗಾಜೂ ಬೇಕು. ಇವುಗಳಲ್ಲಿ ನಿಜವಾದ ನದಿ ಯಾವುದು? ಕಣ್ಣು ಹರಳನ್ನೂ ಕಾಣದು, ರೇಷ್ಮೆಯನ್ನೂ ಕಾಣದು. ಅದು ಕಾಣುವುದು ಚಲನೆಯನ್ನು. ರೇಷ್ಮೆಯ ಚಿತ್ರಗಳು ಇಂದು ಅತಿಯಾಗಿವೆಯೆಂದು ನನಗೆ ತೋರುತ್ತದೆ. ನದಿಯು ಹರಿಯುವುದೆಂಬ ಮಾತನ್ನೇ ಅವು ಮರೆಸುತ್ತವೆ. ಸೆಕೆಂಡಿನ ಹದಿನೈದನೆಯ ಒಂದು ಭಾಗದ ಆಸುಪಾಸಿನಲ್ಲಿ ಮಿಂಚು ತುಸುವೇ ಎಳೆದಂತಾಗಿ ಹರಿವಿನ ದಿಕ್ಕು ತಿಳಿಯುತ್ತದೆ.

ಬೆಳಕಿನ ಅಳತೆಯೂ ತೊಡಕಿನದೇ. 1850ರ ದಶಕದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಬೇಗನೆ ಸೋಲುತ್ತಿದ್ದವು. ಸಮುದ್ರ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬೆಳ್ಳಗಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು ಕೆಲವು ಚಿತ್ರಗಳಲ್ಲಿ ಆಕಾಶಕ್ಕೊಂದು, ಕಡಲಿಗೊಂದು ಫಲಕವನ್ನು ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚಿಳಿಸಿದನು. ಈಗಿನ ಕ್ಯಾಮರಾದಲ್ಲಿಯೂ ಒಮ್ಮೆ ಬಿಳಿಚಿ ಹೋದ ಹೊಳಪನ್ನು ಮತ್ತೆ ಪಡೆಯಲಾಗದು. ಆದುದರಿಂದ ಚಿತ್ರ ತುಸು ಕಪ್ಪಾದರೂ ಚಿಂತೆಯಿಲ್ಲ, ಹಾದಿಯ ಬಣ್ಣ ಉಳಿಯುವಂತೆ ಬೆಳಕನ್ನು ತಗ್ಗಿಸಬೇಕು. ಮೊಬೈಲಿನಲ್ಲಿ ತೆಗೆಯುವವರು ಪರದೆಯ ಮೇಲೆ ಹೊಳೆಯುವ ಭಾಗವನ್ನು ಮುಟ್ಟಿ ಬೆಳಕನ್ನು ಇಳಿಸಬಹುದು. ಬಣ್ಣದ ಹೊಂದಾಣಿಕೆಯನ್ನು ಯಂತ್ರಕ್ಕೇ ಬಿಟ್ಟರೆ ಅದು ಕೆಂಪನ್ನು ದೋಷವೆಂದು ಬಗೆದು ತೊಳೆದುಬಿಡುವುದುಂಟು. ಅದನ್ನು ಹಗಲಿನ ಬೆಳಕಿಗೆ ನಿಲ್ಲಿಸಬೇಕು.

ಒಂದು ಎಚ್ಚರಿಕೆ: ಗಾಜಿನ ನೋಟಕಿಂಡಿಯುಳ್ಳ ಕ್ಯಾಮರಾಕ್ಕೆ ದೂರದರ್ಶಕ ಮಸೂರವನ್ನು ಜೋಡಿಸಿ ಸೂರ್ಯನನ್ನು ನೇರವಾಗಿ ನೋಡಬಾರದು. ಮಸೂರವು ಬೆಳಕನ್ನು ಒಟ್ಟುಗೂಡಿಸಿ ಕಣ್ಣಿನ ಒಳಪರದೆಗೆ ಮಾಯದ ಹಾನಿಯನ್ನು ಮಾಡಬಲ್ಲುದು. ಆ ಪರದೆಗೆ ನೋವಿನ ಅರಿವಿಲ್ಲವಾದ್ದರಿಂದ ಸುಟ್ಟದ್ದು ತತ್‌ಕ್ಷಣ ತಿಳಿಯುವುದೂ ಇಲ್ಲ. ಅಳಿವೆಯಲ್ಲಿ ನಿಲ್ಲುವವರು ಭರತದ ವೇಳೆಯನ್ನು ಮೀನುಗಾರರಿಂದ ಕೇಳಿ ತಿಳಿದಿರಬೇಕು.

ಬಿಂಬದ ಕೆಳಅಂಚು ದಿಗಂತವನ್ನು ಮುಟ್ಟಿದ ಮೇಲೆ ಅದು ಪೂರ್ತಿ ಮರೆಯಾಗಲು ನಮ್ಮ ಸೀಮೆಯಲ್ಲಿ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಸಾಕು. ಜನರು ಆಗಲೇ ಹೊರಡುತ್ತಾರೆ. ಹೊನ್ನಿನ ಹಾದಿ ಅಳಿದಿರುತ್ತದೆ, ನಿಜ. ಆದರೆ ಮುಂದಿನ ಸುಮಾರು ಇಪ್ಪತ್ತು ನಿಮಿಷ ಆಕಾಶದ ಕೆಂಪು, ನೇರಳೆಗಳು ನೀರಿನ ಅಗಲಕ್ಕೂ ಹರಡಿಕೊಳ್ಳುತ್ತವೆ. ಬೆಳಕು ಮಂದವಾಗಿರುವುದರಿಂದ ಬೂದುಗಾಜಿನ ಹಂಗಿಲ್ಲದೆಯೇ ಷಟರು ನಿಧಾನವಾಗುತ್ತದೆ. ಆಗ ದಡಕ್ಕೆ ಕಟ್ಟಿದ ದೋಣಿಯನ್ನು ಚಿತ್ರದೊಳಗೆ ಸೇರಿಸುವವರು ಒಂದನ್ನು ಗಮನಿಸಬೇಕು: ನೀರಿನೊಂದಿಗೆ ಅದೂ ತೂಗಾಡುತ್ತಿರುತ್ತದೆ.