ತರಗಿನಡಿಯ ಬಲಮುರಿ, ಎಡಮುರಿ

ಹುಲಿ, ಆನೆಗಳಿಗೆ ಹೆಸರಾದ ಚಾಮರಾಜನಗರದ ಕಾಡುಗಳ ತರಗೆಲೆಯಡಿ ಪುಟ್ಟದೊಂದು ಲೋಕವಿದೆ. ಅಲ್ಲಿನ ಬಸವನಹುಳುವಿಗೆ ಹೊಸ ಹೆಸರು ಸಿಗುವುದು ಹೇಗೆ?

ಭರಣಿ ಮಳೆ ಸುರಿದ ಮಾರನೆಯ ಬೆಳಿಗ್ಗೆ ಗುಂಡ್ಲುಪೇಟೆ ಕಡೆಯ ಹೊಲದ ಬದುವಿನಲ್ಲಿ ಕಲ್ಲೊಂದನ್ನು ಮೆಲ್ಲಗೆ ಎತ್ತಿ ನೋಡಿ. ಬೇಸಿಗೆಯುದ್ದಕ್ಕೂ ಬಾಯಿಗೆ ತೆಳು ಪೊರೆ ಬಿಗಿದುಕೊಂಡು ಸತ್ತಂತೆ ಬಿದ್ದಿದ್ದ ಚಿಪ್ಪಿಗೆ ಈಗ ಜೀವ ಬಂದಿರುತ್ತದೆ. ಮೊದಲು ಒದ್ದೆ ಪಾದ ಹೊರಚಾಚುತ್ತದೆ, ಆಮೇಲೆ ತಲೆ, ಕೊನೆಗೆ ಎರಡು ಉದ್ದ ಕೊಂಬು. ಕೊಂಬಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆ, ಅದೇ ಕಣ್ಣು. ಬೆರಳು ತಾಗಿಸಿದರೆ ಅಂಗಿಯ ತೋಳನ್ನು ಒಳಮಗ್ಗುಲಿಗೆ ಎಳೆದುಕೊಂಡಂತೆ ಕಣ್ಣು ಸಮೇತ ಕೊಂಬು ಮಾಯ! ತಲೆಯಲ್ಲಿ ಕೊಂಬು, ಬೆನ್ನ ಮೇಲೆ ಡುಬ್ಬ, ಅವಸರವಿಲ್ಲದ ನಡಿಗೆ. ಕನ್ನಡಿಗರು ಇದನ್ನು ಬಸವನ ಹೆಸರಿನಿಂದ ಕರೆದದ್ದರಲ್ಲಿ ಎಂಥ ಪ್ರೀತಿಯಿದೆ!

ಆದರೆ ಆ ಒಂದೇ ಹೆಸರಿನಡಿ ನೂರಾರು ಜೀವಿಗಳಿವೆ. ಪಶ್ಚಿಮ ಘಟ್ಟದಲ್ಲಿ ನೆಲದ ಮೇಲೆ ಬದುಕುವ ಬಸವನಹುಳುಗಳೇ ಸುಮಾರು 270 ಪ್ರಭೇದ. ಅವುಗಳಲ್ಲಿ ಮುಕ್ಕಾಲು ಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಕಾರಣ ಅವುಗಳ ನಡಿಗೆಯಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಕುರುಚಲು ಕಾಡು, ನೆತ್ತಿಯಲ್ಲಿ ಮಂಜು ಕವಿದ ಶೋಲಾ ಕಾಡು. ಒದ್ದೆ ಶೋಲೆಯಲ್ಲಿ ಹುಟ್ಟಿದ ಹುಳು ಒಣ ಬಯಲನ್ನು ದಾಟಿ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸೇರುವ ಮಾತೇ ಇಲ್ಲ. ಹೀಗೆ ಬೇರೆಯಾದ ಗುಂಪುಗಳು ಲಕ್ಷಾಂತರ ವರ್ಷ ತಂತಮ್ಮ ಬೆಟ್ಟದಲ್ಲೇ ಉಳಿದರೆ ಬೇರೆ ಬೇರೆ ಪ್ರಭೇದಗಳೇ ಆಗಿಬಿಡುತ್ತವೆ.

ಭೂತಗನ್ನಡಿಯ ಕೆಳಗೆ

ತಜ್ಞರು ಚಿಪ್ಪನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ಅದರ ಸುರುಳಿ ಯಾವ ಕಡೆಗೆ ತಿರುಗಿದೆ ಎಂದು. ತುದಿ ಮೇಲಕ್ಕಿಟ್ಟು ಹಿಡಿದಾಗ ಬಾಯಿ ಬಲಕ್ಕಿದ್ದರೆ ಬಲಮುರಿ, ಎಡಕ್ಕಿದ್ದರೆ ಎಡಮುರಿ. ಗಣಪನ ಸೊಂಡಿಲಿಗೆ ನಾವು ಹೇಳುವ ಮಾತೇ ಇಲ್ಲಿಯೂ ಸಲ್ಲುತ್ತದೆ. ಲೋಕದ ಬಸವನಹುಳುಗಳಲ್ಲಿ ಬಹುಪಾಲು ಬಲಮುರಿ. ನಮ್ಮ ಘಟ್ಟದ ಏರಿಯೋಫ್ಯಾಂಟಾ ಲೇವಿಪಿಸ್ ಎಡಮುರಿ. ಮುಂದಿನದು ಸುತ್ತುಗಳ ಲೆಕ್ಕ, ತಳದ ನಡುವಿನ ಹೊಕ್ಕುಳಿನ ಅಗಲ, ಬಾಯಂಚಿನ ದಪ್ಪ, ಮೈಮೇಲಿನ ಗೆರೆಗಳು. ಚಿಪ್ಪಷ್ಟೇ ನೋಡಿದರೆ ಮೋಸಹೋಗುವ ಸಂಭವ ಹೆಚ್ಚು. ಆದ್ದರಿಂದ ಹುಳುವಿನ ಜನನಾಂಗದ ರಚನೆ, ಅರದಂತೆ ಸಾಲು ಸಾಲು ಹಲ್ಲಿರುವ ನಾಲಿಗೆ, ಡಿಎನ್‌ಎ, ಎಲ್ಲದರ ಸಾಕ್ಷಿ ಬೇಕು.

ಇಷ್ಟಾದರೂ ಕೆಲಸ ಮುಗಿಯಿತು ಎನ್ನುವಂತಿಲ್ಲ. ಈ ಹುಳುವಿಗೆ ಹಿಂದೆ ಯಾರೂ ಹೆಸರಿಟ್ಟಿಲ್ಲ ಎಂದು ತೋರಿಸಿಕೊಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳದ ಅಧಿಕಾರಿ ಬೆನ್ಸನ್, ಮದ್ರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್, ಭೂವಿಜ್ಞಾನಿ ಬ್ಲಾನ್‌ಫರ್ಡ್ ಮುಂತಾದವರು ನಮ್ಮ ಹುಳುಗಳಿಗೆ ಹೆಸರಿಟ್ಟರು. ಹಲವಕ್ಕೆ ಸಿಗುವುದು ಕೆಲವು ಸಾಲಿನ ಲ್ಯಾಟಿನ್ ವಿವರಣೆ ಮಾತ್ರ. ಹೆಸರಿಡುವಾಗ ಆಧಾರವಾಗಿದ್ದ ಮೂಲ ಮಾದರಿಗಳಲ್ಲಿ ಹೆಚ್ಚಿನವು ಲಂಡನ್, ಕೇಂಬ್ರಿಡ್ಜ್‌ನ ಮ್ಯೂಸಿಯಂಗಳಲ್ಲಿವೆ. ಗುಂಡ್ಲುಪೇಟೆಯ ಹುಳು ಹೊಸದೋ ಹಳೆಯದೋ ಎಂದು ತಿಳಿಯಲು ಏಳು ಸಮುದ್ರದಾಚೆಯ ಪೆಟ್ಟಿಗೆ ತೆರೆಯಬೇಕಿತ್ತು! 2014ರಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಎನ್. ಎ. ಅರವಿಂದ ಅವರೂ ಸೇರಿ ಹಲವು ತಜ್ಞರು ಘಟ್ಟದ ಬಸವನಹುಳುಗಳ ಪರಿಷ್ಕೃತ ಸಚಿತ್ರ ಕೋಶವನ್ನು ಹೊರತಂದ ಮೇಲೆ ಈ ಹಾದಿ ಸುಗಮವಾಗಿದೆ.

ಹೆಸರಿನಲ್ಲಿ ಊರು, ಜನ

ಆ ಕೋಶಕ್ಕೆ ಒಂದು ವರ್ಷ ಮೊದಲು, 2013ರಲ್ಲಿ, ಅರವಿಂದ, ಉಡುಪಿಯ ಎನ್. ಎ. ಮಧ್ಯಸ್ಥ ಮತ್ತು ಲಂಡನ್ನಿನ ಡೇವಿಡ್ ರೀಡ್ ಘಟ್ಟದ ಜಲಪಾತಗಳ ಬಂಡೆಗೆ ಅಂಟಿ ಬದುಕುವ ಕ್ರೆಮ್ನೋಕಾಂಕಸ್ ಎಂಬ ಹುಳುಗಳ ಹೊಸ ಪ್ರಭೇದಗಳನ್ನು ವಿವರಿಸಿದರು. ಕಡಲತೀರದ ಹುಳುಗಳ ಈ ಬಂಧುಗಳಲ್ಲಿ ಒಂದಕ್ಕೆ ಆಗುಂಬೆಯ ಹೆಸರೇ ಸಿಕ್ಕಿತು. ಚಾಮರಾಜನಗರದವರೂ ಹೆಮ್ಮೆಪಡಬೇಕಾದ ಹೆಸರೊಂದಿದೆ. 2022ರಲ್ಲಿ ಏಟ್ರೀ ತಂಡ ಈ ಜಿಲ್ಲೆಯ ಕಾಡಿನಲ್ಲಿ ಕಂಡ ಕಣಜವೊಂದರ ಹೊಸ ಕುಲಕ್ಕೆ ಇಲ್ಲಿನ ಮೂಲನಿವಾಸಿಗಳ ಗೌರವಾರ್ಥ ‘ಸೋಲಿಗ’ ಎಂದೇ ಹೆಸರಿಟ್ಟಿತು. ಯಾವ ಮರದಡಿ ಯಾವ ಕಾಲಕ್ಕೆ ಏನು ಸಿಗುತ್ತದೆ ಎಂದು ಬಲ್ಲ ಸೋಲಿಗರ ಅರಿವು ಬಸವನಹುಳುಗಳ ಹುಡುಕಾಟಕ್ಕೂ ದಾರಿದೀಪವಾಗಬೇಕು.

ಹೆಸರಿಲ್ಲದಿದ್ದರೆ ಏನಾಗುತ್ತದೆ?

ಹೆಸರಿಲ್ಲದಿದ್ದರೆ ಎಲ್ಲವೂ ನಮಗೆ ‘ಹುಳ’ವೇ. ಕೊಡಗಿನ ಕಾಫಿ ತೋಟದಿಂದ ಹಿಡಿದು ಅಡಿಕೆ, ಬಾಳೆಯವರೆಗೆ ರೈತರನ್ನು ಗೋಳುಹೊಯ್ದುಕೊಳ್ಳುವ ಆಫ್ರಿಕಾದ ದೈತ್ಯ ಬಸವನಹುಳು ಹೊರಗಿನದು. ಅದನ್ನು ಮಾರಿಷಸ್‌ನಿಂದ 1847ರಲ್ಲಿ ಕೋಲ್ಕತ್ತಕ್ಕೆ ತಂದವರು ಇದೇ ಬೆನ್ಸನ್! ಅದರ ಮೇಲಿನ ಸಿಟ್ಟಿಗೆ ಎರಚುವ ಉಪ್ಪು, ವಿಷಕ್ಕೆ ಕೊಳೆತ ಎಲೆ, ಬೂಷ್ಟು ತಿಂದು ನೆಲವನ್ನು ಫಲವತ್ತಾಗಿಸುವ ನಮ್ಮ ಹುಳುಗಳೂ ಸಾಯುತ್ತವೆ. ಬಾಣಲಿಯಂಥ ಬೇಸಿಗೆಯಲ್ಲಿ ತರಗಿಗೆ ಬೆಂಕಿ ಬಿದ್ದರೆ ಜಿಂಕೆ ಓಡೀತು, ಹಕ್ಕಿ ಹಾರೀತು. ಪೊರೆ ಮುಚ್ಚಿ ಮಲಗಿದ ಹುಳು ಎಲ್ಲಿಗೆ ಹೋದೀತು? 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಈ ಜೀವಗಳಿಗಾಗಿ ಮರುಗಿದವರು ಎಷ್ಟು ಮಂದಿ?

ಅವು ಇಲ್ಲವಾದರೆ ನಷ್ಟ ಅವಕ್ಕಷ್ಟೇ ಅಲ್ಲ. ನೆದರ್ಲೆಂಡ್ಸ್‌ನ ಕಾಡಿನಲ್ಲಿ ಆಮ್ಲಮಳೆಯಿಂದ ಮಣ್ಣಿನ ಸುಣ್ಣ ಕರಗಿ ಬಸವನಹುಳುಗಳು ಕಡಿಮೆಯಾದವು. ಅವುಗಳ ಚಿಪ್ಪು ತಿಂದೇ ಸುಣ್ಣ ಪಡೆಯುತ್ತಿದ್ದ ಪುಟ್ಟ ಹಕ್ಕಿಗಳು ತೆಳು ಚಿಪ್ಪಿನ ಮೊಟ್ಟೆ ಇಟ್ಟವು. ಇದು 1994ರಲ್ಲಿ ಪ್ರಕಟವಾದ ಸತ್ಯ. ಕಾಡಿನ ಹಾಡು ತರಗಿನಡಿಯ ಸುಣ್ಣದ ಮೇಲೂ ನಿಂತಿದೆ.

ಮುಂದಿನ ಮಳೆಗೆ ನಿಮ್ಮ ಹಿತ್ತಲಲ್ಲಿ, ಶಾಲೆಯ ಕಾಂಪೌಂಡಿನಲ್ಲಿ ಚಿಪ್ಪು ಕಂಡರೆ ಮಕ್ಕಳನ್ನು ಕರೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮೇಲಿಂದ, ತಳದಿಂದ, ಬಾಯಿ ಕಾಣುವಂತೆ ಮೂರು ಫೋಟೊ ತೆಗೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಹುಳುವನ್ನು ಇದ್ದಲ್ಲೇ ಬಿಡಿ, ಎತ್ತಿದ ಕಲ್ಲನ್ನು ಮೊದಲಿನಂತೆಯೇ ಮುಚ್ಚಿ. ಅದಕ್ಕೂ ಮುನ್ನ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಇದು ಬಲಮುರಿಯೋ, ಎಡಮುರಿಯೋ?