ಕಸೂತಿಯ ಬೆನ್ನು

ಶಾಹಿಬಾಗ್‌ನಲ್ಲಿರುವ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯ ನಮ್ಮ ನರೋಡಾದಿಂದ ಹೆಚ್ಚು ದೂರವೇನಿಲ್ಲ. ಆದರೂ ಅಹಮದಾಬಾದಿಗೆ ಬಂದು ಒಂಬತ್ತು ವರ್ಷವಾದರೂ ನಾನು ಅದನ್ನು ನೋಡಿರಲಿಲ್ಲ. ಅಲ್ಲಿಗೆ ಮೊದಲೇ ಹೆಸರು ಕೊಟ್ಟು ದಿನ ಗೊತ್ತುಮಾಡಿಕೊಳ್ಳಬೇಕು. ನಮ್ಮ ಐಟಿ ಕೆಲಸದಲ್ಲಿ ನಾಳೆಯ ಮೀಟಿಂಗೇ ಇವತ್ತು ಗೊತ್ತಿರುವುದಿಲ್ಲ! ಕಳೆದ ವರ್ಷ ಇಳಕಲ್‌ನಿಂದ ಅವ್ವ ಬಂದಾಗ ಮಾತ್ರ ಹಟ ಹಿಡಿದು ರಜೆ ಹಾಕಿ ಕರೆದುಕೊಂಡು ಹೋದೆ.

1949ರಲ್ಲಿ ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗಿರಾ ಸಾರಾಭಾಯಿ ಕಟ್ಟಿದ ಸಂಸ್ಥೆ ಅದು. ಹೆಸರು ಕೊಟ್ಟ ಕ್ಯಾಲಿಕೊ ಮಿಲ್ ಮುಚ್ಚಿ ಎಷ್ಟೋ ಕಾಲವಾಯಿತು, ಸಂಗ್ರಹಾಲಯ ಉಳಿದಿದೆ. ಪಾಟಣದ ಪಟೋಲ, ಕಛ್–ಸೌರಾಷ್ಟ್ರದ ಕಸೂತಿ ಎಲ್ಲವನ್ನೂ ಮಂದ ಬೆಳಕಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಾನು ಬೆರಗಾಗಿ ನೋಡುತ್ತಿದ್ದೆ. ಅವ್ವ ಮಾತ್ರ ಒಂದು ಕಸೂತಿಯ ಮುಂದೆ ನಿಂತು, ಕತ್ತು ಓರೆ ಮಾಡಿ ಏನನ್ನೋ ಹುಡುಕುತ್ತಿದ್ದಳು.

“ಏನ್ ನೋಡಾಕತ್ತಿ ಬೇ?”

“ಮುಂದ ಯಾರಾದ್ರೂ ಚಂದ ಮಾಡ್ತಾರ. ಹಿಂದ ಹ್ಯಾಂಗ ಐತಿ ಅಂತ ನೋಡಬೇಕಲ್ಲ?”

ಅವ್ವನ ತವರು ಧಾರವಾಡದ ಹತ್ತಿರದ ಹಳ್ಳಿ. ಅಲ್ಲಿ ಹೆಣ್ಣುಮಕ್ಕಳ ಕಸೂತಿಯನ್ನು ಹಿರಿಯರು ಮೊದಲು ಮಗುಚಿ ನೋಡುತ್ತಿದ್ದರಂತೆ. ನಮ್ಮ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತ್ಯೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಮೈ ಒಂದೇ ತರ ಕಾಣಬೇಕು, ಎಲ್ಲೂ ಗಂಟು ಕಾಣಬಾರದು. ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತಾ ಹೋಗುತ್ತದೆ, ವಾಪಸು ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತಿಲ್ಲ, ಅಚ್ಚಿಲ್ಲ. ಗೋಪುರ, ತೇರು, ತುಳಸಿ ಕಟ್ಟೆ, ಆನೆ ಅಂಬಾರಿ ಎಲ್ಲವೂ ಎಳೆ ಎಣಿಸಿಯೇ ಮೂಡಬೇಕು. ಹೋಗುವಾಗ ಒಂದೆಳೆ ತಪ್ಪಿದರೂ ಬರುವ ದಾರಿ ಕೂಡುವುದಿಲ್ಲ.

ಅಂದರೆ ಕಸೂತಿಯ ವಿದ್ಯೆ ಇರುವುದು ಆ ಎಣಿಕೆಯಲ್ಲಿ. ಗಾಜಿನ ಆಚೆ ಬಟ್ಟೆ ನೂರಾರು ವರ್ಷ ಉಳಿಯಬಹುದು. ಎಣಿಕೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ಮಾತ್ರ ಉಳಿಯುತ್ತದೆ.

ಇದನ್ನು ಬರೆಯಲು ಕಾರಣ ನಮ್ಮ ಕನ್ನಡ ಬಳಗದ ಒಂದು ಸಭೆ. ಪ್ರತಿ ರಾಜ್ಯೋತ್ಸವಕ್ಕೂ ನಾವು ಮಕ್ಕಳಿಗೆ ‘ನಾಡಿನ ಉಡುಗೆ’ ಕಾರ್ಯಕ್ರಮ ಮಾಡುತ್ತೇವೆ. ಕೊಡಗಿನ ಸೀರೆ, ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಎಲ್ಲ ಇರುತ್ತದೆ. ಹೋದ ಸಲ ಅವ್ವ ಮುಂದಿನ ಸಾಲಿನಲ್ಲಿ ಕೂತು, ನನ್ನ ಮಗಳ ಸೆರಗು ಹಿಡಿದು ಮಗುಚಿದಳು. ಸೂರತ್ತಿನ ಪಾಲಿಯೆಸ್ಟರ್ ಮೇಲೆ ಮಷಿನ್ನಿನಲ್ಲಿ ಹಾಕಿದ ಗೋಪುರ, ಹಿಂದೆ ದಾರದ ಗೋಜಲು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ನಾನೇ ತರಿಸಿದ್ದು. ಅವ್ವ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆಮೇಲಿನ ಸಭೆಯಲ್ಲಿ ಒಬ್ಬರು ಒಳ್ಳೆಯ ಸಲಹೆ ಕೊಟ್ಟರು: ಎಲ್ಲರ ಮನೆಯ ಹಳೆಯ ಸೀರೆ, ಕುಪ್ಪಸ, ಕೌದಿ ಸೇರಿಸಿ ಗಾಜಿನ ಬೀರುವಿನಲ್ಲಿ ಪುಟ್ಟ ಸಂಗ್ರಹ ಮಾಡೋಣ. ಹಣವೂ ಸ್ವಲ್ಪ ಕೂಡಿತು. ಅವ್ವನ ಟ್ರಂಕಿನಲ್ಲಿರುವ ಚಂದ್ರಕಾಳಿ ಸೀರೆ ಕೇಳಿದರು. ಕಪ್ಪು ಒಡಲಿನ ಆ ಸೀರೆ ಅವಳ ಮದುವೆಯದು, ಕಸೂತಿ ಅವಳ ಅವ್ವನದು. “ಕೊಡ್ತೀನಿ, ಆದ್ರ ಬೀರು ತಗೊಂಡು ಏನ್ ಮಾಡ್ತೀರಿ? ಕಲಿಯವರು ಯಾರದಾರ?” ಎಂದಳು. ಉತ್ತರ ಯಾರಲ್ಲೂ ಇರಲಿಲ್ಲ. ಎಲ್ಲರಿಗೂ ಕೆಲಸ, ಟ್ರಾಫಿಕ್, ಮಕ್ಕಳ ಟ್ಯೂಷನ್.

ಉತ್ತರ ಸಿಕ್ಕಿದ್ದು ಕಛ್ ಪ್ರವಾಸದಲ್ಲಿ. 1969ರ ಬರಗಾಲದಲ್ಲಿ ಚಂದಾ ಶ್ರಾಫ್ ಎಂಬುವರು ಧನೇಟಿ ಊರಿನ ಹೆಂಗಸರಿಗೆ ಅವರದೇ ಕಸೂತಿಯ ಕೆಲಸ ಕೊಟ್ಟು ದುಡಿಮೆಯ ದಾರಿ ತೋರಿಸಿದರು. ಅದೇ ‘ಶ್ರುಜನ್’ ಸಂಸ್ಥೆಯಾಗಿ ಬೆಳೆಯಿತು. ಮರೆತುಹೋಗುತ್ತಿದ್ದ ಹೊಲಿಗೆಗಳನ್ನು ಬಲ್ಲ ಹೆಂಗಸರಿಂದಲೇ ಫಲಕಗಳ ಮೇಲೆ ಹಾಕಿಸಿ, ಆ ಫಲಕಗಳನ್ನು ವಾಹನದಲ್ಲಿ ಹಳ್ಳಿಹಳ್ಳಿಗೆ ಒಯ್ದು ತೋರಿಸಿದರು. 2016ರಲ್ಲಿ ಭುಜ್ ಹತ್ತಿರದ ಅಜ್ರಖಪುರದಲ್ಲಿ ಎಲ್‌ಎಲ್‌ಡಿಸಿ ಎಂಬ ಅವರ ಸಂಗ್ರಹಾಲಯ ತೆರೆಯಿತು. ಅಲ್ಲಿ ನೋಡುವುದೂ ಉಂಟು, ಕಲಿಯುವುದೂ ಉಂಟು.

ನಮ್ಮಲ್ಲಿ ಇಂಥ ಯೋಚನೆ ಇಲ್ಲವೆಂದಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ವಸ್ತುಗಳ ಜೊತೆಗೆ ಕಲಾವಿದರಿಗೂ ಜಾಗವಿದೆ. ಕಸೂತಿಗೆ, ಇಳಕಲ್ ಸೀರೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ಜಿಐ ಕಾಯುವುದು ಹೆಸರನ್ನು. ನನ್ನ ಮಗಳ ಬೆರಳಿಗೆ ಎಣಿಕೆ ಕಲಿಸುವುದು ನನ್ನ ಮನೆಯ ಕೆಲಸ.

ಬೀರುವಿನ ದುಡ್ಡಿನಲ್ಲಿ ಮ್ಯಾಟಿ ಬಟ್ಟೆ, ಸೂಜಿ, ದಾರ ತಂದೆವು. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಾಲ್‌ನಲ್ಲೇ ತರಗತಿ. ಹನ್ನೊಂದು ಜನರಿಂದ ಶುರುವಾಗಿ ಈಗ ನಾಲ್ವರು ಉಳಿದಿದ್ದೇವೆ. ಅದರಲ್ಲಿ ಒಬ್ಬರು ಪಕ್ಕದ ಮನೆಯ ಗುಜರಾತಿ ಬೆನ್. ಅವರಿಗೂ ಅವ್ವನಿಗೂ ಸಮಾನ ಭಾಷೆ ಇಲ್ಲ, ಆದರೂ ನಮ್ಮೆಲ್ಲರಿಗಿಂತ ಬೇಗ ಅವರೇ ಕಲಿತರು. ನನ್ನ ಮೊದಲ ಗೋಪುರವನ್ನು ಅವ್ವ ಮಗುಚಿ ನೋಡಿ, ಮರುಮಾತಿಲ್ಲದೆ ಪೂರ್ತಿ ಬಿಚ್ಚಿದಳು. ಏಳನೇ ಸಾಲಿನಲ್ಲಿ ಒಂದೆಳೆ ತಪ್ಪಿತ್ತು.

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಕಪ್ಪು ಬಟ್ಟೆಯ ಎಳೆ ಅವಳಿಗೆ ಈಗ ಕಾಣುವುದಿಲ್ಲ, ಬಿಳಿಯ ಮ್ಯಾಟಿಯಲ್ಲಿ ಮಾತ್ರ ಕಲಿಸುತ್ತಾಳೆ. ಆಪರೇಷನ್ ಆದಮೇಲೆ ನೋಡೋಣ ಎನ್ನುತ್ತೇವೆ. ಅಷ್ಟರೊಳಗೆ ಅವಳು ಹೇಳುವ ಎಣಿಕೆಯನ್ನೆಲ್ಲ ಮಗಳು ಚೌಕುಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ.

ನಿಮ್ಮ ಮನೆಯಲ್ಲೂ ಇಂಥ ಸೀರೆ ಇದ್ದರೆ ಒಮ್ಮೆ ಹೊರತೆಗೆಯಿರಿ. ಪ್ಲಾಸ್ಟಿಕ್ ಕವರ್ ಬೇಡ, ತೊಳೆದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ. ಆಗಾಗ ಮಡಿಕೆ ಬದಲಿಸಿ, ಇಲ್ಲದಿದ್ದರೆ ಹಳೆಯ ರೇಷ್ಮೆ ಮಡಿಕೆಯಲ್ಲೇ ಬಿಡುತ್ತದೆ. ಯಾರು ಹೊಲಿದದ್ದು, ಯಾವ ಊರು, ಯಾರ ಮದುವೆಗೆ ಎಂದು ಚೀಟಿ ಬರೆದಿಡಿ. ಹೊಲಿದವರು ಇನ್ನೂ ಇದ್ದರೆ, ಚೀಟಿ ಆಮೇಲೆ ಬರೆದರಾಯಿತು. ಮೊದಲು ಅವರ ಹತ್ತಿರ ಸೂಜಿ ಹಿಡಿದು ಕೂತುಕೊಳ್ಳಿ.