ಕರೆಂಟು ಹೋದಾಗ ಇಂಟರ್‌ನೆಟ್ಟೂ ಹೋಗಬೇಕೆ?

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಸದಸ್ಯರ ಮನೆಗಳು ಅನೇಕವಿವೆ. ತೋಟ ಚನ್ನಗಿರಿ ಕಡೆಯಲ್ಲೋ ಘಟ್ಟದ ಕಡೆಯಲ್ಲೋ ಇದ್ದರೂ, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಇಲ್ಲಿ ಮನೆ ಮಾಡಿಕೊಂಡವರು ನಾವು. ಅಡಿಕೆ ಧಾರಣೆ, ಟೆಂಡರಿನ ವಿವರ, ಬ್ಯಾಂಕಿನ ವ್ಯವಹಾರ, ಪಹಣಿ, ಬೆಳೆ ವಿಮೆ, ಮಕ್ಕಳ ಪಾಠ ಎಲ್ಲವೂ ಇಂದು ಗೋಡೆಗೆ ತೂಗುಹಾಕಿದ ಒಂದು ಪುಟ್ಟ ಪೆಟ್ಟಿಗೆಯನ್ನು ನೆಚ್ಚಿವೆ. ಕರೆಂಟು ಹೋದರೆ ಆ ಪೆಟ್ಟಿಗೆ ಏನಾಗುತ್ತದೆಂದು ಯೋಚಿಸಿದವರು ಮಾತ್ರ ಕೆಲವರೇ. ನಾವೂ ಯೋಚಿಸಿರಲಿಲ್ಲ. ಅದರಿಂದಾದ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತು ಹೇಳುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ, ಹವಾಮಾನ ಆಧಾರಿತ ಬೆಳೆ ವಿಮೆಗೆ ಹೆಸರು ನೋಂದಾಯಿಸುವ ಕಡೆಯ ದಿನ. ಉಳಿದಿದ್ದ ಏಳು ಮಂದಿ ಸದಸ್ಯರ ಕಾಗದಪತ್ರಗಳನ್ನು ಮನೆಗೆ ತಂದು ಸಂಜೆ ಕುಳಿತೆವು. ಏಳೂವರೆಗೆ ಗಾಳಿಮಳೆ ಬಂದು ಕರೆಂಟು ಹೋಯಿತು. ಇನ್ವರ್ಟರಿನಿಂದ ದೀಪ ಉರಿಯಿತು, ಫ್ಯಾನು ತಿರುಗಿತು. ಇಂಟರ್‌ನೆಟ್ ಪೆಟ್ಟಿಗೆ ಮಾತ್ರ ಕಣ್ಣು ಮುಚ್ಚಿತ್ತು. ಮನೆ ಕಟ್ಟಿಸುವಾಗ ಇನ್ವರ್ಟರಿನ ಲೈನನ್ನು ದೀಪ, ಫ್ಯಾನುಗಳಿಗಷ್ಟೇ ಕೊಡಿಸಿದ್ದೆವು. ಹೇಗೋ ಉದ್ದನೆಯ ವೈರು ಎಳೆದು ಪೆಟ್ಟಿಗೆಗೆ ಜೀವ ಕೊಟ್ಟರೂ ಇಂಟರ್‌ನೆಟ್ ಬರಲಿಲ್ಲ. ಬೀದಿಯ ಕಂಬದ ಮೇಲಿದ್ದ ಸ್ವಿಚ್ಚಿಗೂ ಕರೆಂಟಿರಲಿಲ್ಲ! ಕಡೆಗೆ ಮೊಬೈಲಿನ ಸಂಪರ್ಕದಿಂದ ಕುಂಟುತ್ತಾ ಆರು ಹೆಸರು ಸೇರಿಸುವಷ್ಟರಲ್ಲಿ ನಡುರಾತ್ರಿ ಕಳೆದಿತ್ತು. ಏಳನೆಯದು ಉಳಿದೇಹೋಯಿತು.

ಆ ವರ್ಷ ನೆರೆಯ ತೋಟದವರ ಖಾತೆಗೆ ಪರಿಹಾರ ಬಂದಿತು. ಆ ಸದಸ್ಯರಿಗೆ ಬರಲಿಲ್ಲ. ನಾವೇ ಅವರ ಮನೆಗೆ ಹೋಗಿ ವಿಷಯ ತಿಳಿಸಿದೆವು. "ಇರ್ಲಿ ಬಿಡ್ರಿ ಸೆಕ್ರೆಟ್ರಿಯವರೇ, ನಾನೂ ಪಹಣಿ ಕೊಟ್ಟಿದ್ದು ಕೊನೇ ದಿನಾನೇ ಅಲ್ಲೇನ್ರಿ" ಎಂದು ಕಾಫಿ ಕೊಟ್ಟು ಕಳುಹಿಸಿದರು. ಅವರು ಬೈದಿದ್ದರೆ ನಮ್ಮ ಮನಸ್ಸು ಹಗುರವಾಗುತ್ತಿತ್ತು.

ಹಳೆಯ ಫೋನು ಏಕೆ ನಿಲ್ಲುತ್ತಿರಲಿಲ್ಲ?

ಹಿಂದಿನ ಕಾಲದ ಟೆಲಿಫೋನು ಊರೆಲ್ಲ ಕತ್ತಲಾದಾಗಲೂ ಮಾತನಾಡುತ್ತಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಗಳಿಂದ ತಾಮ್ರದ ತಂತಿಯಲ್ಲೇ ಮನೆಗೆ ಬರುತ್ತಿತ್ತು. ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಆರಂಭವಾದಾಗಲೂ ಪದ್ಧತಿ ಇದೇ ಆಗಿತ್ತು. ಇಂದಿನ ಫೈಬರ್ ಎಂಬುದು ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ವಿದ್ಯುತ್ತು ಬರುವುದಿಲ್ಲ. ಆದುದರಿಂದ ಕಂಪನಿಯ ಕಡೆ ಬ್ಯಾಟರಿ ಎಷ್ಟೇ ಇದ್ದರೂ, ನಮ್ಮ ಮನೆಯ ಪೆಟ್ಟಿಗೆಗೆ ನಾವೇ ಬ್ಯಾಟರಿ ಒದಗಿಸಬೇಕು.

ಲೆಕ್ಕ ಬಹಳ ಸುಲಭ

ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದಿರುವುದನ್ನು ಓದಿರಿ. ಸಾಮಾನ್ಯವಾಗಿ 12 ವೋಲ್ಟ್, 1 ಆಂಪಿಯರ್ ಎಂದಿರುತ್ತದೆ. ಎರಡನ್ನೂ ಗುಣಿಸಿದರೆ 12 ವ್ಯಾಟ್. ಇದು ಗರಿಷ್ಠ ಪ್ರಮಾಣ. ನಿಜವಾದ ಖರ್ಚು ಇದಕ್ಕಿಂತ ಕಡಿಮೆಯೇ. ಒಂದು ಎಲ್.ಇ.ಡಿ. ಬಲ್ಬಿನಷ್ಟು ಖರ್ಚಿಗಾಗಿ ದೊಡ್ಡ ಏರ್ಪಾಡು ಬೇಕಿಲ್ಲ.

ರೂಟರಿಗೆಂದೇ ಮಾರುವ ಚಿಕ್ಕ ಯು.ಪಿ.ಎಸ್. ಮೇಲೆ 8800 ಎಂ.ಎ.ಎಚ್. ಎಂದು ಬರೆದಿದೆಯೆನ್ನೋಣ. ಈ ಅಂಕಿಯನ್ನು ಸಾಮಾನ್ಯವಾಗಿ ಒಳಗಿನ ಲಿಥಿಯಂ ಸೆಲ್ಲಿನ 3.7 ವೋಲ್ಟಿಗೆ ಹೇಳಿರುತ್ತಾರೆ, 12 ವೋಲ್ಟಿಗಲ್ಲ. ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 32 ವ್ಯಾಟ್-ಗಂಟೆ. ನಷ್ಟಕ್ಕೆ ಐದನೆಯ ಒಂದು ಭಾಗ ಕಳೆದರೆ 26 ಉಳಿಯಿತು. 12 ವ್ಯಾಟಿನ ಪೆಟ್ಟಿಗೆ ಎರಡು ಗಂಟೆಗೆ ಸ್ವಲ್ಪ ಹೆಚ್ಚು ನಡೆಯುತ್ತದೆ. ಅಂಗಡಿಯವರು ಎಂಟು ಗಂಟೆ ಎಂದರೆ ಈ ಲೆಕ್ಕವನ್ನು ಅವರ ಮುಂದೆಯೇ ಮಾಡಿರಿ.

ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಇರುವವರಿಗೆ ಇದೂ ಬೇಡ. ಪೆಟ್ಟಿಗೆಯ ಪ್ಲಗ್ಗಿಗೆ ಇನ್ವರ್ಟರಿನ ಲೈನು ಹಾಕಿಸಿದರೆ ಸಾಕು. ಕರೆಂಟು ಹೋದೊಡನೆ ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ, ಇನ್ವರ್ಟರಿನಲ್ಲಿ ಯು.ಪಿ.ಎಸ್. ಎಂಬ ಸ್ವಿಚ್ಚಿದೆಯೇ ನೋಡಿ ಅತ್ತ ತಿರುಗಿಸಿರಿ. ಬದಲಾವಣೆ ಬೇಗ ಆಗುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಘಟ್ಟದ ತೋಟದ ಮನೆಗಳಿಗೆ ಮಾತ್ರ ಚಿಕ್ಕ ಯು.ಪಿ.ಎಸ್. ಸಾಲದು, ಅಲ್ಲಿ ದೊಡ್ಡ ಬ್ಯಾಟರಿಯೇ ಬೇಕು.

ಕೆಲವು ಎಚ್ಚರಿಕೆಗಳು

ಅಡಾಪ್ಟರಿನಲ್ಲಿರುವ ವೋಲ್ಟೇಜೂ ಯು.ಪಿ.ಎಸ್. ಕೊಡುವ ವೋಲ್ಟೇಜೂ ಒಂದೇ ಆಗಿರಬೇಕು. 9 ವೋಲ್ಟಿನ ಪೆಟ್ಟಿಗೆಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗಬಹುದು. ಲಿಥಿಯಂ ಬ್ಯಾಟರಿಯನ್ನು ಬಟ್ಟೆಬರೆಯ ನಡುವೆ, ಬಿಸಿ ಜಾಗದಲ್ಲಿ ಇಡಬಾರದು; ಉಬ್ಬಿದರೆ ಕೂಡಲೇ ಬಳಕೆ ನಿಲ್ಲಿಸಬೇಕು. ಇನ್ವರ್ಟರ್ ಬ್ಯಾಟರಿ ಗಾಳಿಯಾಡುವ ಕಡೆ ಇರಲಿ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹೊರತು ನಲ್ಲಿ ನೀರನ್ನಾಗಲಿ ಬೋರಿನ ನೀರನ್ನಾಗಲಿ ಹಾಕಲೇಬಾರದು. ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಅಂಗಡಿಗೆ ಹಿಂತಿರುಗಿಸಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಇದನ್ನೇ ಹೇಳುತ್ತವೆ.

ಕಂಬದ ಮೇಲಿನ ಸ್ವಿಚ್ಚಿನ ವಿಚಾರ ಒಬ್ಬರಿಂದ ಆಗುವುದಲ್ಲ. ನಮ್ಮ ಬೀದಿಯ ಹತ್ತು ಮನೆಯವರು ಒಟ್ಟಾಗಿ ಕೇಳಿದ ಮೇಲೆಯೇ ಕೇಬಲ್‌ನವರು ಅಲ್ಲಿ ಬ್ಯಾಟರಿ ಇಟ್ಟರು. ಮನೆಯವರೆಗೂ ಫೈಬರ್ ಎಳೆದಿರುವ ಕಡೆ ಮಧ್ಯದಲ್ಲಿ ಸಾಮಾನ್ಯವಾಗಿ ಈ ತೊಡಕಿರುವುದಿಲ್ಲ. ನಿಮ್ಮದು ಯಾವ ಬಗೆಯೆಂದು ವಿಚಾರಿಸಿಕೊಳ್ಳಿರಿ.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ವಿದ್ಯುತ್ತಿನ ಅಭಾವವೂ ಜೊತೆಗೇ ಬಂದಿತು. ಅಂತಹ ವರ್ಷ ಮತ್ತೆ ಬಾರದೆಂದು ಹೇಳಲಾಗದು. ಆದುದರಿಂದ ಸದಸ್ಯ ಬಾಂಧವರು ಈ ಭಾನುವಾರ ಸಂಜೆ ಮನೆಯ ಮೇನ್ ಸ್ವಿಚ್ಚನ್ನು ಹತ್ತು ನಿಮಿಷ ಆರಿಸಿ, ಇಂಟರ್‌ನೆಟ್ ನಡೆಯುವುದೋ ಇಲ್ಲವೋ ಪರೀಕ್ಷಿಸಬೇಕಾಗಿ ಕೋರುತ್ತೇವೆ. ಹಾಗೆಯೇ, ಬ್ಯಾಟರಿ ಇದ್ದರೂ ಇಲ್ಲದಿದ್ದರೂ, ವಿಮೆಯ ಕಾಗದಗಳನ್ನು ಕಡೆಯ ದಿನಕ್ಕೆ ವಾರ ಮೊದಲೇ ಸಂಘಕ್ಕೆ ತಲುಪಿಸಿರಿ.